ಜನವರಿಯಲ್ಲಿ ನೋಡಿದ ಮನೆ

ಕುಶಾಲನಗರದ ಬ್ಯಾಂಕ್ ಶಾಖೆಯೊಂದರಲ್ಲಿ ಗೃಹಸಾಲದ ಕಡತ ನೋಡುವುದು ನನ್ನ ಕೆಲಸ. ಬಾಡಿಗೆಗೆ ಬಿಡಲೆಂದೇ ಮನೆ ಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಕಾಫಿಗೆ ಒಳ್ಳೆ ಬೆಲೆ ಸಿಕ್ಕ ವರ್ಷ ತೋಟದವರು ಬರುತ್ತಾರೆ, ನಿವೃತ್ತಿ ಹತ್ತಿರವಾದಾಗ ನೌಕರರು ಬರುತ್ತಾರೆ.

2018ರ ಜನವರಿಯಲ್ಲಿ ಒಬ್ಬರು ಮೇಷ್ಟ್ರು ಬಂದರು. ಕಾವೇರಿ ದಂಡೆಯ ಬಡಾವಣೆಯಲ್ಲಿ ಎರಡಂತಸ್ತಿನ ಮನೆ, 30 ಲಕ್ಷ. ಬೇಕಾದ ಸಾಲ 24 ಲಕ್ಷ. ಶೇ 8.5ರ ಬಡ್ಡಿಗೆ 20 ವರ್ಷ ಅಂದರೆ ತಿಂಗಳ ಕಂತು 20,828 ರೂಪಾಯಿ. ಕೆಳಗೆ 6,500, ಮೇಲೆ 6,500 ಬಾಡಿಗೆ. "ಉಳಿದ ಏಳೆಂಟು ಸಾವಿರ ಸಂಬಳದಿಂದ ಕಟ್ತೇನೆ ಮೇಡಂ" ಅಂದರು. ಕಾಗದಪತ್ರ ಎಲ್ಲ ಸರಿಯಿತ್ತು: ಭೂ ಪರಿವರ್ತನೆ ಆದೇಶ, ಖಾತೆ, ಋಣಭಾರ ಪತ್ರ. ಕೊಡಗಿನ ಮನೆತನಗಳು ತಲೆಮಾರಿನಿಂದ ಹಿಡಿದುಕೊಂಡು ಬಂದ ಜಮ್ಮಾ ಜಾಗವಾಗಿದ್ದರೆ, ದಾಖಲೆಯಲ್ಲಿ ಹೆಸರಿರುವ ಪಟ್ಟೆದಾರರ ಜೊತೆಗೆ ಇಡೀ ಒಕ್ಕದ, ಅಂದರೆ ಮನೆತನದ, ಒಪ್ಪಿಗೆ ಕೇಳಬೇಕಿತ್ತು. ಇಲ್ಲಿ ಆ ತೊಡಕೂ ಇರಲಿಲ್ಲ.

ಸ್ಥಳ ಪರಿಶೀಲನೆಗೆ ನಾನೇ ಹೋದೆ. ಒಳ್ಳೆ ಬಿಸಿಲು. ನದಿ ಎಲ್ಲೋ ಕೆಳಗೆ, ಕಲ್ಲುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಪಕ್ಕದ ಹಳೆ ಮನೆಯ ಪಾಯವನ್ನು ನಾಲ್ಕಡಿ ಎತ್ತರಿಸಿ ಕಟ್ಟಿದ್ದರು. ಕಣ್ಣಿಗೆ ಬಿತ್ತು, ಯಾಕೆ ಅಂತ ಕೇಳಲಿಲ್ಲ. ಸಾಲ ಕೊಡಬಹುದು ಎಂದು ಬರೆದು ಸಹಿ ಹಾಕಿದೆ.

ಆ ಆಗಸ್ಟ್‌ನಲ್ಲಿ ಏನಾಯಿತೆಂದು ಕೊಡಗಿನವರಿಗೆ ಹೇಳಬೇಕಿಲ್ಲ. ಕುಶಾಲನಗರದ ತಗ್ಗು ಬಡಾವಣೆಗಳಿಗೆ ಕಾವೇರಿ ನುಗ್ಗಿತು. ಮೇಷ್ಟ್ರ ಮನೆಯ ಕೆಳಗಿನ ಭಾಗ ಕೆಸರಾಯಿತು, ಬಾಡಿಗೆಯವರು ಉಳಿದ ಸಾಮಾನು ಎತ್ತಿಕೊಂಡು ಹೊರಟರು. ಮುಂಗಡ ವಾಪಸ್ ಕೊಡಬೇಕು, ವೈರಿಂಗ್ ಹೊಸದಾಗಿ ಮಾಡಿಸಬೇಕು, ಬಾಗಿಲುಗಳು ಉಬ್ಬಿವೆ. ನಾಲ್ಕು ತಿಂಗಳು ಕೆಳಮನೆ ಖಾಲಿ. ಕಂತಿಗೆ ಕೈಯಿಂದ ಹಾಕುವ ದುಡ್ಡು 7,828ರಿಂದ 14,328ಕ್ಕೆ ಏರಿತು. 2019ರ ಆಗಸ್ಟ್‌ನಲ್ಲಿ ಮತ್ತೆ ನೀರು. ಕಂತು ತಪ್ಪಬಾರದೆಂದು ಮೇಷ್ಟ್ರು ಹೆಂಡತಿಯ ಬಳೆ ಅಡವಿಡಲು ನಮ್ಮ ಶಾಖೆಗೇ ಬಂದರು. ಚಿನ್ನ ತೂಗುವಾಗ ನನಗೆ ತಲೆ ಎತ್ತಲಾಗಲಿಲ್ಲ.

ಪಕ್ಕದ ಮನೆಯ ಅಜ್ಜಿಯನ್ನು ಆಮೇಲೆ ಹೋಗಿ ಮಾತಾಡಿಸಿದೆ. "ನೀರು ಬರ್ತದೆ ಅಂತಲೇ ಎತ್ತರ ಮಾಡಿದ್ದು ಮಗಾ. ನೀವ್ಯಾರೂ ಕೇಳಲಿಲ್ಲ."

ಅಂದಿನಿಂದ ನದಿ, ತೋಡು, ಗದ್ದೆ, ಬರೆ (ಕಡಿದಾದ ಮಣ್ಣಿನ ದಿಣ್ಣೆ) ಹತ್ತಿರದ ಮನೆಗಳನ್ನು ಮಳೆ ಹಿಡಿದಾಗ ಮತ್ತೊಮ್ಮೆ ನೋಡದೆ ಬರೆಯುವುದಿಲ್ಲ. ಮಾರುವವರು ಅವಸರ ಮಾಡಿದರೆ ಅಕ್ಕಪಕ್ಕದ ಎರಡು ಮನೆಗಳಲ್ಲಾದರೂ ಕೂತು ವಿಚಾರಿಸುತ್ತೇನೆ. ಗೋಡೆಯ ಬಣ್ಣ ಒಂದು ಮಟ್ಟದವರೆಗೆ ಮಾತ್ರ ಹೊಸದಾಗಿದ್ದರೆ ಅದನ್ನೂ ಬರೆದಿಡುತ್ತೇನೆ.

ಲೆಕ್ಕ ಹಾಕುವ ರೀತಿಯೂ ಬದಲಾಗಿದೆ. ವರ್ಷಕ್ಕೆ ಹತ್ತು ತಿಂಗಳ ಬಾಡಿಗೆ ಮಾತ್ರ ಹಿಡಿಯಿರಿ ಅನ್ನುತ್ತೇನೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2. ಪಟ್ಟಣದಲ್ಲಿ 40 ಲಕ್ಷದ ಮನೆಗೆ ಇದೇ 3 ಲಕ್ಷ ದಾಟುತ್ತದೆ, ಇದಕ್ಕೆ ಸಾಲ ಸಿಗುವುದಿಲ್ಲ. ಬಾಡಿಗೆಗಿಂತ ಬಡ್ಡಿ ಹೆಚ್ಚಾದ ನಷ್ಟವನ್ನು ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದ ಆದಾಯದಿಂದ ಕಳೆಯಲು ಬರುವುದಿಲ್ಲ. ಇದು ಎಷ್ಟೋ ಜನರಿಗೆ ತಿಳಿದೇ ಇರುವುದಿಲ್ಲ. ಹೋಂಸ್ಟೇ ಆದಾಯ ತೋರಿಸಿ ಕಂತು ಕಟ್ಟುತ್ತೇವೆ ಎನ್ನುವವರಿಗೆ 2018ರಲ್ಲಿ ಪ್ರವಾಸಿಗರನ್ನೇ ಜಿಲ್ಲೆಗೆ ಬಿಡದ ದಿನಗಳನ್ನು ನೆನಪಿಸುತ್ತೇನೆ. ಕಡೆಯದಾಗಿ ಒಂದು ಪ್ರಶ್ನೆ: ಆರು ತಿಂಗಳ ಪೂರ್ತಿ ಕಂತು ಬೇರೆ ಖಾತೆಯಲ್ಲಿ ಇದೆಯೇ? ಇಲ್ಲದಿದ್ದರೆ ಚಿಕ್ಕ ಮನೆ ನೋಡಿ ಎಂದು ಹೇಳಿ ಕಳಿಸುತ್ತೇನೆ.

ಮೇಷ್ಟ್ರು ಈಗ ಕೆಳಮನೆಯನ್ನು ಗೋದಾಮಿಗೆ ಕೊಟ್ಟಿದ್ದಾರೆ, ಬಾಡಿಗೆ ನಾಲ್ಕು ಸಾವಿರ. ಜೂನ್ ಬಂದರೆ ಮೂಟೆಗಳನ್ನು ತಾವೇ ನಿಂತು ಅಟ್ಟಕ್ಕೆ ಏರಿಸುತ್ತಾರೆ.