ಭಾನುವಾರದ ಏಲಕ್ಕಿ

ಹತ್ತು ಗಂಟೆಗೆ ಸರಿಯಾಗಿ ಗೇಟಿನ ಮುಂದೆ ಸ್ಕೂಟರ್ ನಿಂತಿತು. ನಾಲ್ಕು ವರ್ಷದ ಮಗ ಆಗಲೇ ಬೂಟು ಹಾಕಿಕೊಂಡು ಜಗುಲಿಯ ಮೇಲೆ ಕಾಯುತ್ತಿದ್ದ. ಅವನಿಗೆ ಭಾನುವಾರವೆಂದರೆ ಅಪ್ಪ, ಅಪ್ಪನೆಂದರೆ ಮೈಸೂರು ಮೃಗಾಲಯದ ಜಿರಾಫೆ. ಎಂಟು ವರ್ಷದ ಮಗಳು ಎಂದಿನಂತೆ ಮೊದಲು ಓಡಿಹೋಗಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಕೆಳಗಿಳಿದು ನನ್ನತ್ತ ತಿರುಗಿ ಮೂಗನ್ನು ಒಮ್ಮೆ ಉಜ್ಜಿಕೊಂಡಳು.

ಅದು ನಾನೇ ಕಲಿಸಿದ ಸನ್ನೆ.

ನಾವು ಬೇರೆಯಾಗಿ ಒಂದೂವರೆ ವರ್ಷವಾಗಿತ್ತು. ಮಕ್ಕಳು ನನ್ನ ಬಳಿ, ಭಾನುವಾರ ಹತ್ತರಿಂದ ಐದರವರೆಗೆ ತಂದೆಯ ಬಳಿ ಎಂದು ಕೌಟುಂಬಿಕ ನ್ಯಾಯಾಲಯದ ಮಧ್ಯಂತರ ಆದೇಶವಿತ್ತು. ಅದರಲ್ಲಿ ಕುಡಿತದ ಮಾತೇ ಇರಲಿಲ್ಲ, ಏಕೆಂದರೆ ನಾನು ಹೇಳಿರಲಿಲ್ಲ. ಸಂಸಾರ ಗುಟ್ಟು, ವ್ಯಾಧಿ ರಟ್ಟು ಎನ್ನುತ್ತಾರೆ. ಕುಡಿತವನ್ನು ನಾನು ಸಂಸಾರದ ಲೆಕ್ಕಕ್ಕೆ ಸೇರಿಸಿ ಬಾಯಿ ಮುಚ್ಚಿಕೊಂಡಿದ್ದೆ. ಅದು ವ್ಯಾಧಿಯ ಲೆಕ್ಕ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು.

ಹತ್ತಿರ ಹೋದೆ. ಏಲಕ್ಕಿಯ ಘಮ. ಅದರ ಅಡಿಯಲ್ಲಿ ಹುಳಿಹುಳಿಯಾದ ಇನ್ನೊಂದು ವಾಸನೆ. ಹ್ಯಾಂಡಲ್ ಹಿಡಿದ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಸ್ಕೂಟರಿನ ಕೊಕ್ಕೆಗೆ ನೇತುಹಾಕಿದ್ದ ಚೀಲದಲ್ಲಿ ಮಕ್ಕಳಿಗೆಂದು ತಂದ ಎರಡು ಮಾವಿನ ರಸದ ಪೊಟ್ಟಣಗಳಿದ್ದವು. ಅವುಗಳ ಪಕ್ಕದಲ್ಲೇ ಅಂಗೈಯಗಲದ, ಮಿರಮಿರ ಹೊಳೆಯುವ ಮೂರನೆಯದು: 90 ಎಂಎಲ್‌ನ ವಿಸ್ಕಿ ಪೊಟ್ಟಣ. ಮಗ ಅದಕ್ಕೇ ಕೈ ಹಾಕಿ, "ಅಪ್ಪಾ, ಇದೂ ನನಗೇನಾ?" ಎಂದ.

ಕೂಗಾಡಲಿಲ್ಲ. ಮಗುವಿನ ಕೈಯಿಂದ ಅದನ್ನು ತೆಗೆದು, "ಇವತ್ತು ಮಕ್ಕಳನ್ನು ಕಳಿಸುವುದಿಲ್ಲ. ಇಲ್ಲೇ ಕುಳಿತು ಮಾತಾಡಿಸಿ" ಎಂದೆ. "ಕುಡಿದದ್ದು ರಾತ್ರಿ. ತಣ್ಣೀರು ಸ್ನಾನ ಮಾಡಿದ್ದೇನೆ, ಎರಡು ಲೋಟ ಕಾಫಿ ಕುಡಿದಿದ್ದೇನೆ. ಕೋರ್ಟಿನ ಆದೇಶವಿದೆ" ಎಂದರು. ಕಾಫಿಗಾಗಲಿ ತಣ್ಣೀರಿಗಾಗಲಿ ರಕ್ತದಲ್ಲಿರುವ ಮದ್ಯ ಇಳಿಯುವುದಿಲ್ಲ. ಯಕೃತ್ತು ತನ್ನ ವೇಗದಲ್ಲೇ ಅದನ್ನು ಕರಗಿಸುತ್ತದೆ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ವಾಹನ ಓಡಿಸುವುದು ಅಪರಾಧ. ಇದನ್ನೆಲ್ಲ ಅಲ್ಲಿ ನಿಂತು ವಾದಿಸಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು, ಮುಂದೆ ನಿಂತ ಮಗ, ನಡುವೆ ಆ ನಡುಗುವ ಕೈಗಳು ಕಣ್ಣ ಮುಂದೆ ಬಂದವು, ಅಷ್ಟೇ ಸಾಕಾಯಿತು. ನನ್ನ ತಮ್ಮ ಆಟೊ ಕರೆದು ಅವರನ್ನು ಕೂರಿಸಿದ. ಸ್ಕೂಟರ್ ಮೂರು ದಿನ ನಮ್ಮ ಗೇಟಿನೊಳಗೇ ಇತ್ತು.

ಮಗ ಬೂಟು ಬಿಚ್ಚಲು ಒಪ್ಪದೆ ಅತ್ತು ಅತ್ತು ಹಾಗೆಯೇ ಮಲಗಿದ. ಮಗಳು ಇಡೀ ದಿನ ಮಾತಾಡಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು: "ನಾನು ಮೂಗು ಉಜ್ಜದೇ ಇದ್ದಿದ್ದರೆ ಅಪ್ಪ ಇರುತ್ತಿದ್ದರು, ಅಲ್ಲವೇ?"

ಉತ್ತರ ತೋಚಲಿಲ್ಲ. ಅಪ್ಪನನ್ನು ಅಪ್ಪಿಕೊಳ್ಳುವ ಆ ಒಂದು ಕ್ಷಣವನ್ನೂ ನಾನು ತಪಾಸಣೆಯಾಗಿ ಮಾಡಿಬಿಟ್ಟಿದ್ದೆ. ಸಂಜೆ ಮನೆಗೆ ಬಂದ ಮೇಲೂ ಎಲ್ಲಿಗೆ ಹೋದಿರಿ, ಅಪ್ಪ ಏನು ಕುಡಿದರು, ಎಷ್ಟು ಹೊತ್ತು ಮಲಗಿದ್ದರು ಎಂಬ ವಿಚಾರಣೆ. ಮಕ್ಕಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಕಾಯುತ್ತಿದ್ದವಳು ಎಂಟು ವರ್ಷದ ಹುಡುಗಿ.

ಅವಳನ್ನು ಎಬ್ಬಿಸಿ ಕೂರಿಸಿಕೊಂಡು ಹೇಳಿದೆ: "ಅಪ್ಪನಿಗೆ ಕುಡಿತದ ಕಾಯಿಲೆ ಇದೆ. ಅದು ನಿನ್ನಿಂದ ಬಂದದ್ದಲ್ಲ, ನೀನು ವಾಸಿ ಮಾಡಬೇಕಾದದ್ದೂ ಅಲ್ಲ. ಕುಡಿದಿದ್ದಾರೆಯೇ ಎಂದು ನೋಡುವುದು ಇನ್ನು ದೊಡ್ಡವರ ಕೆಲಸ. ನಿನಗೆ ಹೆದರಿಕೆಯಾದರೆ ಫೋನ್ ಮಾಡು, ಅಷ್ಟೇ." ನನ್ನ ನಂಬರನ್ನೂ ಮಕ್ಕಳ ಸಹಾಯವಾಣಿ 1098 ಅನ್ನೂ ಬಾಯಿಪಾಠ ಮಾಡಿಸಿದೆ.

ಸೋಮವಾರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ವಕೀಲರು ಒಂದು ನೋಟ್‌ಬುಕ್ ಇಡಲು ಹೇಳಿದರು. "ಸಿಟ್ಟನ್ನು ಬರೆಯಬೇಡಿ. ದಿನಾಂಕ, ಗಂಟೆ, ಕಣ್ಣಿಗೆ ಕಂಡದ್ದು, ಇಷ್ಟನ್ನೇ ಬರೆಯಿರಿ." ಭೇಟಿಯ ಷರತ್ತುಗಳನ್ನು ಬದಲಿಸಿ ಎಂದು ಅರ್ಜಿ ಹಾಕಿದೆವು. ಭೇಟಿಯನ್ನೇ ನಿಲ್ಲಿಸಿಬಿಡು ಎಂದು ನೆಂಟರು ಹೇಳಿದರು. ನಾನು ಒಪ್ಪಲಿಲ್ಲ. ಕುಡಿಯದ ದಿನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಿರಾಫೆಯ ಮುಂದೆ ಒಂದು ಗಂಟೆ ನಿಲ್ಲುವವರೂ ಅವರೇ.

ಆಪ್ತಸಮಾಲೋಚಕರ ಮುಂದೆ ಅವರು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಕೊನೆಗೆ ಒಪ್ಪಿಕೊಂಡರು. ಈಗ ಭೇಟಿ ಎರಡೇ ಗಂಟೆ, ಅವರ ಅಕ್ಕನ ಮನೆಯಲ್ಲಿ, ಅಕ್ಕನ ಕಣ್ಣೆದುರು. ಮಕ್ಕಳನ್ನು ಸ್ಕೂಟರ್ ಹತ್ತಿಸುವಂತಿಲ್ಲ. ಕುಡಿದು ಬಂದರೆ ಆ ವಾರ ಭೇಟಿಯಿಲ್ಲ. ಅದನ್ನು ಬಾಗಿಲಲ್ಲೇ ತೀರ್ಮಾನಿಸುವವರು ಅಕ್ಕ. ಎರಡು ವಾರ ಹಾಗೆಯೇ ವಾಪಸು ಬಂದಿದ್ದೇವೆ. ಚಿಕಿತ್ಸೆಗೆ ಹೋಗುತ್ತೇನೆ ಎಂದಿದ್ದಾರೆ, ಇನ್ನೂ ಹೋಗಿಲ್ಲ.

ಕಳೆದ ಭಾನುವಾರ ಅಕ್ಕ ನಗುತ್ತಾ ಬಾಗಿಲು ತೆರೆದರು. ಮಗಳು ಓಡಿಹೋಗಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಉಸಿರನ್ನು ಒಮ್ಮೆ ಒಳಗೆಳೆದುಕೊಂಡಳು. ಅಭ್ಯಾಸ ಇನ್ನೂ ಹೋಗಿಲ್ಲ. ಆದರೆ ನನ್ನತ್ತ ತಿರುಗಲಿಲ್ಲ. ಚಪ್ಪಲಿ ಕಳಚಿ ಒಳಗೆ ಹೋದಳು.