ನನ್ನ ಬಾಗಿಲು ಎಲ್ಲುಂಟು?

ಮಂಗಳವಾರ ಮಧ್ಯಾಹ್ನ ಮುಂಬೈಯ ಮಾಟುಂಗಾದ ಒಂದು ಹಳೇ ಹೋಟೆಲಿನಲ್ಲಿ ಕೂತು ಕೇಳಿಸಿಕೊಂಡ ಮಾತು, ಇವತ್ತು ಭಾನುವಾರ, ಇನ್ನೂ ಕಿವಿಯಲ್ಲೇ ಇದೆ. "ಇದೆಂತ ಮಗಾ, ಕನ್ನಡಿಯಲ್ಲಿ ಆಕಾಶ ಕಾಣ್ತದೆ. ನನ್ನ ಬಾಗಿಲು ಎಲ್ಲುಂಟು?"

ಕೇಳಿದ್ದು ಹೋಟೆಲಿನ ಧಣಿಗಳು. 78 ವರ್ಷ. ಊರು ಉಡುಪಿ ಹತ್ರ, ನಮ್ಮಮ್ಮನ ತವರಿಂದ ನಾಲ್ಕು ಮೈಲಿ, ಅದು ಗೊತ್ತಾದ ಕೂಡ್ಲೇ ಅವರಿಗೆ ನಾನು ಮೇಡಂ ಹೋಗಿ ಮಗಾ ಆದೆ. ಹೋಟೆಲ್ ರಿನೋವೇಶನ್ ಮಾಡಿಸ್ತಿರೋದು ಅವರ ಮಗ, ಡಿಸೈನ್ ಒಬ್ಬ ಆರ್ಕಿಟೆಕ್ಟ್‌ದು, ಅದನ್ನ ಕಣ್ಣಿಗೆ ಕಾಣೋ ಹಾಗೆ ಮಾಡಿ ತೋರಿಸೋದು ನಮ್ಮ ಆಫೀಸಿನ ಕೆಲಸ. ಮೊದಲೆಲ್ಲ ಒಂದೊಂದು ವ್ಯೂಗೂ ರಾತ್ರಿಯಿಡೀ ಕಂಪ್ಯೂಟರ್ ಓಡಿಸಿಟ್ಟು ಬೆಳಿಗ್ಗೆ ಬಂದು ನೋಡ್ಬೇಕಿತ್ತು. ಈಗ ಲ್ಯೂಮಿಯಾನ್, ಟ್ವಿನ್‌ಮೋಷನ್, ಎನ್‌ಸ್ಕೇಪ್, ಡಿ ಫೈವ್ ಅಂತ ರಿಯಲ್ ಟೈಮ್ ಸಾಫ್ಟ್‌ವೇರ್‌ಗಳಿವೆ, ಕ್ಲೈಂಟ್ ಎದುರಿಗೇ ಲ್ಯಾಪ್‌ಟಾಪ್ ಇಟ್ಟು ಅವರು ಹೇಳಿದ ಕಡೆ ನಡೆದು ತೋರಿಸಬಹುದು, ಗೋಡೆ ಬಣ್ಣ ಕೂತಲ್ಲೇ ಬದಲಾಯಿಸಬಹುದು.

ನಾನು ಮೊದಲ ವ್ಯೂ ಬೇಕಂತಲೇ ಗಲ್ಲಾದಿಂದ ಇಟ್ಟಿದ್ದೆ. ಅಷ್ಟು ವರ್ಷ ಅವರು ಕೂತ ಜಾಗ, ಅಲ್ಲಿಂದ ಹೊಸ ಹೋಟೆಲ್ ಹೇಗೆ ಕಾಣ್ತದೆ ಅಂತ ಮೊದಲು ಅವರೇ ನೋಡ್ಲಿ ಅಂತ. ಗಲ್ಲಾ ಇರೋದು ಬಾಗಿಲ ಪಕ್ಕ, ಧಣಿಗಳ ಮುಖ ಒಳಗೆ, ಬೆನ್ನು ರಸ್ತೆಗೆ. ಎದುರಿಗೆ ಕೊನೇ ಗೋಡೆಯಲ್ಲಿ ಕೈ ತೊಳೆಯೋ ಬೇಸಿನ್‌ಗಳ ಮೇಲೆ ಉದ್ದಕ್ಕೆ ಒಂದು ಕನ್ನಡಿ. ಸಾಗವಾನಿ ಚೌಕಟ್ಟು, ಅಂಚಿನಲ್ಲಿ ಲೇಪ ಹೋಗಿ ಕಪ್ಪು ಕಪ್ಪು ಚುಕ್ಕೆ, ಕೆಳಗಡೆ ಕೈ ತೊಳೆದವರ ನೀರು ಸಿಡಿದು ಸಿಡಿದು ಬಿಳಿ ಮಂಜಿನ ಥರ ಒಂದು ಪಟ್ಟಿ. ಮತ್ತೆ ಅದು ನೆಟ್ಟಗೆ ನಿಂತಿಲ್ಲ, ಮೇಲಿನ ಕಡೆ ಗೋಡೆಯಿಂದ ಮೂರು ನಾಲ್ಕು ಇಂಚು ಮುಂದಕ್ಕೆ ವಾಲಿದೆ, ಹಿಂದೆ ಎರಡು ಮರದ ತುಂಡು ಕೊಟ್ಟಿದ್ದಾರೆ. ಅಳತೆ ತಗೊಳ್ಳೋಕೆ ಹೋದ ದಿನವೇ ನೋಡಿದ್ದೆ, ಹಳೇ ಕಾಲದ ಫಿಟ್ಟಿಂಗ್ ಅಂತ ಅಂದ್ಕೊಂಡು ಬಿಟ್ಟಿದ್ದೆ. ಹೊಸ ಡ್ರಾಯಿಂಗ್‌ನಲ್ಲಿ ಕನ್ನಡಿ ಗೋಡೆಗೆ ಅಂಟಿಕೊಂಡು ನೀಟಾಗಿತ್ತು, ನಾನೂ ಹಾಗೇ ಮಾಡಿದೆ.

ಹೀಗೆ ಮಂಗಳವಾರ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಮಗನಿಗೆ ಖುಷಿಯಾಯ್ತು, ಹೊಸ ಲೈಟು, ಟೈಲ್ಸು, ಉದ್ದುದ್ದ ಏಣುಗಳಿರೋ ಫ್ಲೂಟೆಡ್ ಗ್ಲಾಸಿನ ಪಾರ್ಟಿಶನ್ನು ಎಲ್ಲ ಒಂದೊಂದಾಗಿ ಅಪ್ಪನಿಗೆ ಹೇಳ್ತಾ ಹೋದ್ರು. ಧಣಿಗಳು ಅದ್ಯಾವುದನ್ನೂ ನೋಡ್ಲಿಲ್ಲ. ಕನ್ನಡಕ ಹಣೆಗೆ ಏರಿಸಿ ಪರದೆಗೆ ಮುಖ ತಂದು ನೇರ ಕನ್ನಡಿ ಒಳಗೆ ನೋಡಿದ್ರು. ಅಲ್ಲಿ ನೀಲಿ ಆಕಾಶ, ಬಿಳಿ ಮೋಡ. ಹೊರಗೆ ಮಾಟುಂಗಾದಲ್ಲಿ ಜುಲೈ ಮಳೆ ಸುರೀತಾ ಇದೆ, ಹೋಟೆಲಿನ ಒಳಗಿನ ಕನ್ನಡಿಯಲ್ಲಿ ಯಾವುದೋ ದೇಶದ ಬಿಸಿಲು. ಆಗಲೇ ಕೇಳಿದ್ದು, ನನ್ನ ಬಾಗಿಲು ಎಲ್ಲುಂಟು ಅಂತ.

"ಅಪ್ಪಾ, ಅದು ಸುಮ್ನೆ ಡೆಮೋ, ಕನ್ನಡಿ ಇಂಪಾರ್ಟೆಂಟ್ ಅಲ್ಲ" ಅಂದ್ರು ಮಗ. ಒಳ್ಳೇ ಮನುಷ್ಯ, ಬೆಳಗ್ಗೆ ನಾಲ್ಕಕ್ಕೆ ಎದ್ದು ಮಾರ್ಕೆಟಿಗೆ ಹೋಗ್ತಾರೆ, ಹುಡುಗರನ್ನ ಚೆನ್ನಾಗಿ ನೋಡ್ಕೊಳ್ತಾರೆ. ಆದ್ರೆ ಅಪ್ಪನಿಗೆ ತೋರಿಸೋದಷ್ಟೇ ಅವರ ಮನಸ್ಸಲ್ಲಿದೆ, ಅಪ್ಪನ್ನ ಕೇಳ್ಬೇಕು ಅಂತ ಇಲ್ಲ. ಇದನ್ನ ನಾನು ಹೇಳಬಾರದು, ಆದ್ರೂ ಹೇಳ್ತೀನಿ, ಯಾಕಂದ್ರೆ ಅವತ್ತು ನಾನೂ ಅದನ್ನೇ ಮಾಡಿದೆ. "ಸರಿ ಮಾಡ್ತೀನಿ ಮಾಮ" ಅಂತ ಒಂದು ಮಾತು ಹೇಳಿ ಕ್ಯಾಮೆರಾವನ್ನ ಟೈಲ್ಸ್ ಕಡೆ ತಿರುಗಿಸಿಬಿಟ್ಟೆ.

ಆಕಾಶ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ರಿಯಲ್ ಟೈಮ್ ಅಂದ್ರೆ ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರ, ಒಂದು ಚಿತ್ರಕ್ಕೆ ಸಿಗೋದು ಸುಮಾರು 16 ಮಿಲಿಸೆಕೆಂಡು. ಅಷ್ಟರಲ್ಲಿ ಗೋಡೆ ನೆರಳು ಬೆಳಕು ಎಲ್ಲ ಆಗ್ಬೇಕು, ಪ್ರತಿಬಿಂಬಕ್ಕೆ ಉಳಿಯೋ ಸಮಯ ಎಷ್ಟು? ಅದಕ್ಕೇ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಅಂತ ಒಂದು ಉಪಾಯ ಮಾಡಿದ್ದಾರೆ. ಪರದೆ ಮೇಲೆ ಆಗಲೇ ಏನು ಬಂದಿದೆಯೋ ಅದನ್ನೇ ತೆಗೆದು ಹೊಳೆಯೋ ಜಾಗದಲ್ಲಿ ಮತ್ತೆ ಕೂರಿಸೋದು. ನೆಲದ ಮೇಲೆ ಕುರ್ಚಿ ಕಾಲಿನ ಬಿಂಬ, ಗ್ರಾನೈಟ್ ಮೇಲೆ ಲೋಟದ ಬಿಂಬ, ಇಂಥದ್ದಕ್ಕೆಲ್ಲ ಸಾಕು, ಖರ್ಚೂ ಕಮ್ಮಿ. ಆದ್ರೆ ಎದುರಿಗಿರೋ ಕನ್ನಡಿಗೆ ಬೇಕಾಗಿರೋದು ಕ್ಯಾಮೆರಾದ ಬೆನ್ನ ಹಿಂದಿರೋದು. ಅದು ಪರದೆ ಮೇಲೆ ಇಲ್ಲವೇ ಇಲ್ಲ. ಇಲ್ಲ ಅಂದಾಗ ಸಾಫ್ಟ್‌ವೇರ್ ಹೊರಗಿನ ಬೆಳಕಿಗೆ ಅಂತ ಹಾಕಿದ ಆಕಾಶದ ಫೋಟೋ ತಂದು ತುಂಬ್ತದೆ.

ರೇ ಟ್ರೇಸಿಂಗ್ ಆನ್ ಮಾಡಿದ್ರೆ ಈ ತೊಂದ್ರೆ ಇಲ್ಲ, ಕಣ್ಣಿಂದ ಹೊರಟ ಗೆರೆ ಕನ್ನಡಿಗೆ ಬಡಿದು ತಿರುಗಿ ನಿಜವಾಗಿ ಬಾಗಿಲಿನ ತನಕ ಹೋಗ್ತದೆ. ಹೊಸ ವಿದ್ಯೆಯೇನಲ್ಲ, 1980ರಲ್ಲಿ ಟರ್ನರ್ ವಿಟೆಡ್ ಅನ್ನೋರು ಚೌಕಳಿ ನೆಲದ ಮೇಲೆ ತೇಲೋ ಗೋಲಗಳ ಚಿತ್ರ ಮಾಡಿ ತೋರಿಸಿದ್ರು, ಆ ಒಂದು ಚಿತ್ರಕ್ಕೆ ಆವತ್ತಿನ ಕಂಪ್ಯೂಟರ್ 74 ನಿಮಿಷ ತಗೊಂಡಿತ್ತು. 2018ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡುಗಳು ಬಂದಮೇಲೆ ಅದು ನಮ್ಮಂಥವರ ಮೇಜಿಗೂ ಬಂತು. ಆದ್ರೂ ಹೋಟೆಲ್ ಒಳಗೆ ಹೊತ್ಕೊಂಡು ಹೋಗೋ ಲ್ಯಾಪ್‌ಟಾಪಿನಲ್ಲಿ ಆನ್ ಮಾಡಿದ್ರೆ ತಡವರಿಸ್ತದೆ, ಕತ್ತಲೆ ಮೂಲೆಗಳಲ್ಲಿ ಕಾಳು ಕಾಳು ಕಾಣ್ತದೆ. ನಮ್ಮ ಬಾಸ್ ಹಿಂದಿನ ದಿನವೇ ಹೇಳಿದ್ರು, ಲೈವ್‌ನಲ್ಲಿ ಆಫ್ ಇಡು, ಸ್ಮೂತ್ ಆಗಿ ಓಡ್ಲಿ, ಕನ್ನಡಿ ಒಳಗೆ ಯಾವ ಕ್ಲೈಂಟೂ ನೋಡಲ್ಲ. ಕೆಲಸ ಕಲಿಸಿದವರು ಅವರು, ಗೌರವ ಇದೆ, ಆದ್ರೆ ಈ ಮಾತಲ್ಲಿ ಅವರದ್ದು ತಪ್ಪು. ಜನ ಕನ್ನಡಿ ಒಳಗೆ ನೋಡ್ತಾರೆ, ಮೊದಲು ಅದನ್ನೇ ನೋಡ್ತಾರೆ, ಏನೋ ಸರಿ ಇಲ್ಲ ಅಂತ ಮನಸ್ಸಿಗೆ ಆಗ್ತದೆ, ಯಾವುದು ಅಂತ ಹೇಳೋಕೆ ಬರಲ್ಲ ಅಷ್ಟೇ. ಧಣಿಗಳಿಗೆ ಹೇಳೋಕೆ ಬಂತು.

ಅವತ್ತು ಅವರು ಇನ್ನೊಂದು ಮಾತು ಹೇಳಿದ್ರು. "ನೆಲ ಒರೆಸಿ ಹಾಗೇ ಬಿಟ್ಟಿದ್ದಾರಾ? ಯಾರಾದ್ರೂ ಜಾರಿ ಬಿದ್ರೆ?" ನಾನು ಹಾಕಿದ್ದು ಒಣ ಟೈಲ್ಸೇ, ರಫ್‌ನೆಸ್, ಅಂದ್ರೆ ಮೇಲ್ಮೈ ಎಷ್ಟು ತರಿತರಿ ಅನ್ನೋ ಲೆಕ್ಕ, ಅದನ್ನ ಮಾತ್ರ ತುಂಬ ಇಳಿಸಿದ್ದೆ, ಲೈಟೆಲ್ಲ ನೆಲದಲ್ಲಿ ಚೂಪಾಗಿ ಕಾಣ್ಲಿ ಅಂತ. ನಮ್ಮ ಲೈನಿನಲ್ಲಿ ಎಲ್ಲರೂ ಹಾಗೇ ಮಾಡ್ತಾರೆ, ಹೊಳಪಿದ್ರೆ ದುಬಾರಿ ಕಾಣ್ತದೆ. ಆದ್ರೆ ದಿನಾ ನೆಲ ಒರೆಸಿಸೋ ಮನುಷ್ಯನ ಕಣ್ಣು ಬೇರೆ. ಟೈಲ್ಸ್ ಮೇಲಿನ ಸಣ್ಣ ಸಣ್ಣ ತರಿಗಳನ್ನ ನೀರು ತುಂಬಿ ಸಮ ಮಾಡ್ತದೆ, ಹಾಗಾಗಿ ಒದ್ದೆ ನೆಲದಲ್ಲಿ ಬಿಂಬ ಚೂಪು, ಒಣಗಿದ ನೆಲದಲ್ಲಿ ಮಬ್ಬು. ಅಷ್ಟು ಚೂಪಾಗಿ ಕಂಡ್ರೆ ಅವರಿಗೆ ಅದು ಒದ್ದೆಯೇ. ಸಾಫ್ಟ್‌ವೇರಿನಲ್ಲಿ ಅದು ಸೊನ್ನೆಯಿಂದ ಒಂದರ ನಡುವಿನ ಒಂದು ಸಂಖ್ಯೆ, ಅವರಿಗೆ ಅದು ತಟ್ಟೆ ಹಿಡಿದು ಬರೋ ಹುಡುಗನ ಕಾಲು.

ಅವತ್ತು ರಾತ್ರಿ ಎಸಿ ಲೋಕಲ್ಲಲ್ಲಿ ಡೊಂಬಿವಲಿಗೆ ವಾಪಸ್ ಬರುವಾಗ ಕಿಟಕಿ ಪಕ್ಕ ಸೀಟು ಸಿಕ್ತು. ಹೊರಗೆ ಕತ್ತಲೆ, ಗಾಜಿನ ತುಂಬ ಬೋಗಿ ಒಳಗಿನವರೇ. ನನ್ನ ಎಡಕ್ಕೆ ನಿಂತ ಹೆಂಗಸು ಫೋನಿನಲ್ಲಿ ಏನೋ ಓದಿ ಕಣ್ಣೊರೆಸಿಕೊಂಡಿದ್ದು ನಾನು ತಿರುಗದೇ ಗಾಜಿನಲ್ಲೇ ಕಾಣಿಸ್ತು. ಗಾಜಿನ ಒಂದೊಂದು ಮುಖವೂ ನೇರ ಬಿದ್ದ ಬೆಳಕಿನಲ್ಲಿ ಸುಮಾರು 4 ಪರ್ಸೆಂಟ್ ಮಾತ್ರ ವಾಪಸ್ ಕಳಿಸ್ತದೆ, ಹಗಲಲ್ಲೂ ಅಷ್ಟೇ ರಾತ್ರಿಯೂ ಅಷ್ಟೇ, ಹಗಲಲ್ಲಿ ಹೊರಗಿನ ಬೆಳಕಿನ ಜೋರಿಗೆ ಕಾಣಲ್ಲ. ಓರೆಯಾಗಿ ನೋಡಿದಷ್ಟೂ ಅದು ಏರ್ತದೆ. ಈ ಲೆಕ್ಕಕ್ಕೆ ಫ್ರೆನೆಲ್ ಅನ್ನೋ ಫ್ರೆಂಚ್ ವಿಜ್ಞಾನಿಯ ಹೆಸರೇ ಇದೆ, ನಮ್ಮ ಎಲ್ಲ ಸಾಫ್ಟ್‌ವೇರಿನ ಒಳಗೂ ಅದು ಕೂತಿದೆ. ವರ್ಷಗಟ್ಟಲೆ ಆ ಹೆಸರಿನ ಸ್ಲೈಡರ್ ಎಳೆದಿದ್ದೀನಿ. ಆ ಗಾಜು ನೋಡ್ತಾ ನೋಡ್ತಾ ನನಗೆ ಹೊಳೆದಿದ್ದು, ಬಿಂಬ ಅಂದ್ರೆ ನನಗೆ ಇಷ್ಟು ದಿನ ಬರೀ ಹೊಳಪಾಗಿತ್ತು. ನಾನು ತಿರುಗಿ ನೋಡಲಾಗದ ಕಡೆ ಏನು ನಡೀತಿದೆ ಅಂತ ತೋರಿಸೋದು ಅದರ ಕೆಲಸ. ಧಣಿಗಳು ಆ ಕನ್ನಡಿಯಿಂದಲೇ ಬಾಗಿಲು ಕಾದಿದ್ದಾರೆ, ಯಾರು ಬಂದ್ರು, ಯಾರು ದುಡ್ಡು ಕೊಡದೆ ಹೊರಟ್ರು, ಮಳೆಗೆ ನಿಂತ ಯಾವ ಮುದುಕಿಯನ್ನ ಒಳಗೆ ಕರೀಬೇಕು. ಅದನ್ನ ನಾನು ಆಕಾಶದಿಂದ ಮುಚ್ಚಿಬಿಟ್ಟಿದ್ದೆ.

ಬುಧವಾರ ಕನ್ನಡಿಗೆ ಪ್ಲೇನಾರ್ ರಿಫ್ಲೆಕ್ಷನ್ ಹಾಕಿದೆ. ಇದು ಒಂದು ಚಪ್ಪಟೆ ಮೇಲ್ಮೈಗೆ ಅಂತ ಇಡೀ ಸೀನನ್ನ ಕನ್ನಡಿ ಕಡೆಯಿಂದ ಇನ್ನೊಂದು ಸಲ ಬಿಡಿಸ್ತದೆ, ಕೆಲಸ ಹೆಚ್ಚುಕಮ್ಮಿ ಎರಡು ಪಟ್ಟು, ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಬರೋ ಚಿತ್ರ, 60ರಿಂದ 34ಕ್ಕೆ ಬಿತ್ತು. ಆದ್ರೆ ಬಾಗಿಲು ಬಂತು! ಬಂದ ಬಾಗಿಲಿನ ಆಚೆ ಏನೂ ಇಲ್ಲ, ಬರೀ ಬಿಳಿ. ಹೊಸಿಲಿಗೇ ನನ್ನ ಮಾಡೆಲ್ ಮುಗಿದಿತ್ತು, ಗಲ್ಲಾದ ಹಿಂದಿನ ಗೋಡೆಗೆ ಮಟೀರಿಯಲ್ಲೇ ಹಾಕಿರಲಿಲ್ಲ. ಕ್ಯಾಮೆರಾಗೆ ಕಾಣದ್ದನ್ನ ಕಟ್ಟಬೇಡ ಅಂತ ನಮಗೆ ಕಲಿಸೋದು, ಟೈಮ್ ವೇಸ್ಟ್ ಅಂತ. ಕನ್ನಡಿ ಇಟ್ಟ ಮೇಲೆ ಆ ಪಾಠ ನಡೆಯಲ್ಲ. ಗುರುವಾರ ಪೂರ್ತಿ ಕೂತು ಫುಟ್‌ಪಾತು, ಎದುರಿನ ಮರ, ಹೂ ಮಾರೋರ ಬುಟ್ಟಿ, ಕೆಂಪು ಬೆಸ್ಟ್ ಬಸ್ಸು, ಬೋರ್ಡಿನ ಹಿಂಬದಿ, ಮಳೆಗಾಲದ ಬೂದು ಬೆಳಕು ಎಲ್ಲ ಮಾಡಿದೆ. ಬಾಸ್ ಎರಡು ಸಲ ಬಂದು ನೋಡಿ ಹೋದ್ರು, ಏನೂ ಹೇಳ್ಲಿಲ್ಲ. ಕನ್ನಡಿ ಒಳಗಿನ ಸ್ಟೀಲ್ ಲೋಟಗಳು ಕಪ್ಪಾಗಿ ಕಂಡ್ವು, ಬಿಂಬದ ಒಳಗೆ ಮತ್ತೆ ಬಿಂಬ ಲೆಕ್ಕ ಹಾಕದೇ ಇರೋದ್ರಿಂದ, ಅಲ್ಲೊಂದು ರಿಫ್ಲೆಕ್ಷನ್ ಪ್ರೋಬ್, ಅಂದ್ರೆ ಸುತ್ತಲಿನ ನೋಟವನ್ನ ಮೊದಲೇ ಹಿಡಿದಿಟ್ಟುಕೊಳ್ಳೋ ಒಂದು ಬಿಂದು, ಇಟ್ಟು ತಕ್ಕಮಟ್ಟಿಗೆ ಸರಿ ಮಾಡಿದೆ. ಆಮೇಲೆ ಹಳೇ ಕನ್ನಡಿಯ ಫೋಟೋದಿಂದಲೇ ಆ ಚುಕ್ಕೆಗಳನ್ನ, ಕೆಳಗಿನ ಮಂಜು ಪಟ್ಟಿಯನ್ನ ತೆಗೆದು, ಎಲ್ಲಿ ಹೊಳಪು ಎಲ್ಲಿ ಮಬ್ಬು ಅಂತ ಹೇಳೋ ರಫ್‌ನೆಸ್ ಮ್ಯಾಪ್ ಮಾಡಿ ಹಾಕಿದೆ. ಯಾರೂ ಕೇಳಿರಲಿಲ್ಲ. ಅದು ಹಾಕಿದ ಕ್ಷಣ ಮಾತ್ರ, ಪರದೆ ಮೇಲಿದ್ದ ಒಂದು ರೂಮು ಮಾಟುಂಗಾದ ಹೋಟೆಲ್ ಆಯ್ತು, ನನಗೇ ಎದೆ ತುಂಬಿ ಬಂತು.

ನಿನ್ನೆ ಶನಿವಾರ ತಗೊಂಡು ಹೋದೆ. ಮಧ್ಯಾಹ್ನದ ಊಟದ ಹೊತ್ತು, ಹೋಟೆಲ್ ತುಂಬಿತ್ತು, ಧಣಿಗಳು ಗಲ್ಲಾ ಬಿಟ್ಟು ಏಳಲ್ಲ, ಹಾಗಾಗಿ ಲ್ಯಾಪ್‌ಟಾಪನ್ನ ಗಲ್ಲಾ ಮೇಲೇ, ಸೋಂಪಿನ ಬಟ್ಟಲು ಸರಿಸಿ, ಇಟ್ಟೆ. ಅದೇ ಥರ ಕನ್ನಡಕ ಮೇಲೇರಿಸಿ ನೋಡಿದ್ರು. ಬಾಗಿಲು ನೋಡಿದ್ರು, ಬಸ್ಸು ನೋಡಿದ್ರು. ತುಂಬ ಹೊತ್ತು ಮಾತಿಲ್ಲ. ಆಮೇಲೆ ಅಂಗೈ ಸ್ವಲ್ಪ ಮುಂದಕ್ಕೆ ಬಾಗಿಸಿ ತೋರಿಸಿ, "ಬಗ್ಗಿಸ್ಬೇಕು ಇದನ್ನ" ಅಂದ್ರು.

"ಅಪ್ಪಾ, ಹೊಸದರಲ್ಲಿ ಗೋಡೆಗೆ ಫ್ಲಶ್ ಬರ್ತದೆ" ಅಂದ್ರು ಮಗ.

"ನೆಟ್ಟಗಿಟ್ರೆ ಬಾಗಿಲು ಕಾಣ್ತದೆ, ತಟ್ಟೆ ಕಾಣುದಿಲ್ಲ."

ಅಲ್ಲೇ ಕನ್ನಡಿಯನ್ನ ಐದು ಡಿಗ್ರಿ ಮುಂದಕ್ಕೆ ತಿರುಗಿಸಿದೆ. ಬಿಂಬದಲ್ಲಿ ಬಾಗಿಲ ಮೇಲಿನ ಪಟ್ಟಿ ಮೇಲಕ್ಕೆ ಸರಿದು ಹೋಯ್ತು, ಟೇಬಲ್ಲುಗಳ ಮೇಲ್ಮೈ ಒಂದೊಂದಾಗಿ ತೆರೆದುಕೊಂಡ್ವು, ತಟ್ಟೆ, ಲೋಟ, ಚಟ್ನಿ ಬಟ್ಟಲು, ಯಾವುದು ಖಾಲಿ ಯಾವುದು ತುಂಬಿದೆ ಎಲ್ಲ. ಆ ಮರದ ತುಂಡು ಯಾಕೆ ಇಟ್ಟಿದ್ರು ಅಂತ ಆಗ ಗೊತ್ತಾಯ್ತು ನನಗೆ. ಫಿಟ್ಟಿಂಗ್ ತಪ್ಪಲ್ಲ ಅದು, ಯಾರೋ ಈ ಕುರ್ಚಿ ಮೇಲೆ ಕೂತು, ಇನ್ನೊಬ್ಬನ್ನ ಕನ್ನಡಿ ಹತ್ರ ನಿಲ್ಲಿಸಿ, ಸಾಕು ಸಾಕು ಅನ್ನೋವರೆಗೂ ಬಗ್ಗಿಸಿದ್ದು.

ಧಣಿಗಳು ಬೆರಳಿಟ್ಟು ಎಣಿಸಿದ್ರು. ಒಂದು, ಎರಡು, ಐದು, ಎಂಟು. ನಿಂತ್ರು. "ಒಂಬತ್ತು ಎಲ್ಲಿ?"

ಒಂಬತ್ತನೇ ಟೇಬಲ್ ಕಂಬದ ಹಿಂದೆ ಇದೆ, ಗಲ್ಲಾದಿಂದ ನೇರ ಕಾಣಲ್ಲ, ಈಗಿನ ಹೋಟೆಲಿನಲ್ಲಿ ಕನ್ನಡಿಯಲ್ಲಿ ಮಾತ್ರ ಕಾಣ್ತದೆ. ಹೊಸ ಡಿಸೈನಿನ ಫ್ಲೂಟೆಡ್ ಗ್ಲಾಸ್ ಪಾರ್ಟಿಶನ್ ಸರಿಯಾಗಿ ಆ ಗೆರೆಗೆ ಅಡ್ಡ ಬಂದಿತ್ತು. ಆರ್ಕಿಟೆಕ್ಟ್‌ಗೂ ಗೊತ್ತಾಗಿರಲಿಲ್ಲ, ಪ್ಲಾನಿನಲ್ಲಿ ಅದು ಕಾಣೋದೂ ಇಲ್ಲ. ನಾನು ಪಾರ್ಟಿಶನ್ನನ್ನ ಹಿಡಿದು ಗೋಡೆ ಕಡೆ ನಿಧಾನ ಎಳೀತಾ ಹೋದೆ, ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ಕೂಗ್ತಿತ್ತು, ಅರ್ಧ ಅಡಿ, ಒಂದಡಿ, ಒಂದೂವರೆ ಅಡಿ ಆದಾಗ ಕನ್ನಡಿಯ ಎಡ ಅಂಚಿನಲ್ಲಿ ಒಂಬತ್ತರ ಮೂಲೆ ಬಂತು, ಆಮೇಲೆ ಪೂರ್ತಿ ಬಂತು. ಮಗ ಏನೂ ಮಾತಾಡದೆ ಫೋನ್ ತೆಗೆದು ಆರ್ಕಿಟೆಕ್ಟ್‌ಗೆ ಹಚ್ಚಿದ್ರು.

"ಹಾಂ, ಇದು" ಅಂದ್ರು ಧಣಿಗಳು. ಕನ್ನಡಕ ಕೆಳಗಿಳಿಸಿ ತಲೆ ಎತ್ತಿ ಎದುರಿನ ಹಳೇ ಕನ್ನಡಿಯನ್ನ ಒಂದು ಕ್ಷಣ ನೋಡಿದ್ರು, ನೋಡಿ ಒಳಗೆ ಕೂಗಿದ್ರು, "ಏಯ್, ಒಂಬತ್ತಕ್ಕೆ ಸಾಂಬಾರ್ ಹಾಕಾ."