ತವರುಮನೆ ಹೆಸರು

ಅವ್ವ ಧಾರವಾಡದಿಂದ ಫೋನ್ ಮಾಡಿದಾಗ ಮೂರು ಪ್ರಶ್ನೆ ಖಾಯಂ. ಉಂಡಿಯೇನು, ಥಂಡಿ ಹೆಂಗೈತಿ, ಆಕಿ ಸಿಕ್ಕಳೇನು.

"ಆಕಿ" ಅಂದರೆ ನೂರು ವರ್ಷದ ಹಿಂದೆ ಬರ್ಲಿನ್‌ನಲ್ಲಿ ಚಿತ್ರ ಬರೆಯುತ್ತಿದ್ದ ಒಬ್ಬ ಹೆಂಗಸು. ಆಕೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬರೆದರೂ ಒಂದು ಹಾಳೆ ತುಂಬುವುದಿಲ್ಲ. ಅವ್ವ ಮಾತ್ರ ನಾನು ಜಾತ್ರೆಯಲ್ಲಿ ತಪ್ಪಿಸಿಕೊಂಡ ಯಾರೋ ಸಂಬಂಧಿಕಳನ್ನು ಹುಡುಕುತ್ತಿದ್ದೇನೆ ಅನ್ನುವ ಹಾಗೆ ವಿಚಾರಿಸುತ್ತಾಳೆ.

ನನ್ನ ಕೆಲಸ ಕಲೆಯ ಇತಿಹಾಸ. ಯಾರಾದರೂ ಕೇಳಿದರೆ "ಜರ್ಮನಿಯ ಮರೆತುಹೋದ ಕಲಾವಿದೆಯರ ಮೇಲೆ ಸಂಶೋಧನೆ" ಅನ್ನುತ್ತೇನೆ. ಕೇಳಲು ಭಾರಿ ಅನಿಸುತ್ತದೆ. ನಿಜ ಹೇಳಬೇಕೆಂದರೆ ದಿನದ ಮುಕ್ಕಾಲು ಪಾಲು ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹುಡುಕುವುದರಲ್ಲೇ ಹೋಗುತ್ತದೆ.

ಶುರುವಾಗಿದ್ದು ಚಳಿಯಿಂದ. 2003ರ ಕೊನೆ, ನಾನು ಬರ್ಲಿನ್‌ಗೆ ಬಂದು ಎರಡು ತಿಂಗಳಾಗಿತ್ತು. ಹಾಕಿಕೊಂಡಿದ್ದ ಕೋಟು ಧಾರವಾಡದ ಡಿಸೆಂಬರ್‌ಗೆ ಸಾಕು, ಅಲ್ಲಿಯದಕ್ಕೆ ಸಾಲದು. ಕಾಲು ಮರಗಟ್ಟಿ ಎಫ್ರಾಯಿಮ್ ಪಲೇ ಅನ್ನುವ ಮ್ಯೂಸಿಯಂ ಹೊಕ್ಕೆ. ಒಳಗೆ ಲೊಟ್ಟೆ ಲಾಸರ್‌ಸ್ಟೈನ್ ಅನ್ನುವವರ ಚಿತ್ರಗಳು. ಹೆಸರು ಓದಿ ನಗು ಬಂತು. ಲೊಟ್ಟೆ ಅಂದರೆ ಕನ್ನಡದಲ್ಲಿ ಸುಳ್ಳು ಅಲ್ವಾ. ಚಿತ್ರ ನೋಡಿದ ಮೇಲೆ ನಗು ನಿಂತಿತು. ಟ್ರಾವುಟೆ ರೋಸೆ ಅನ್ನುವ ಗೆಳತಿಯನ್ನು ಆಕೆ ಮತ್ತೆ ಮತ್ತೆ ಬರೆದಿದ್ದಾರೆ. ಕೆಲವು ಚಿತ್ರಗಳಲ್ಲಿ ಬ್ರಶ್ ಹಿಡಿದ ತಾವೂ ಪಕ್ಕದಲ್ಲಿದ್ದಾರೆ. ಇಷ್ಟು ಚೆನ್ನಾಗಿ ಬರೆಯುವವರ ಹೆಸರು ನಾನು ಓದಿದ ಒಂದು ಪುಸ್ತಕದಲ್ಲೂ ಇರಲಿಲ್ಲ. ಕಾಲು ಬೆಚ್ಚಗಾದ ಮೇಲೂ ಎರಡು ತಾಸು ಅಲ್ಲೇ ಇದ್ದೆ.

ಲಾಸರ್‌ಸ್ಟೈನ್ 1898ರಲ್ಲಿ ಹುಟ್ಟಿದವರು. ಬರ್ಲಿನ್ ಕಲಾ ಅಕಾಡೆಮಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1919ರಲ್ಲಿ, ಇವರು ಅಲ್ಲಿ ಸೇರಿದ್ದು 1921ರಲ್ಲಿ. ಅವರ ದೊಡ್ಡ ಚಿತ್ರ 'ಪೋಟ್ಸ್‌ಡಾಮ್ ಮೇಲೆ ಸಂಜೆ' 1930ರದ್ದು. ಎರಡು ಮೀಟರ್‌ಗಿಂತ ಅಗಲ. ಮನೆಯ ಮೇಲಿನ ತಾರಸಿ, ಬಿಳಿ ಬಟ್ಟೆ ಹಾಸಿದ ಮೇಜು, ಸುತ್ತ ಸ್ನೇಹಿತರು, ಹಳದಿ ಉಡುಪಿನ ಹುಡುಗಿ, ಮಲಗಿದ ನಾಯಿ. ಊಟ ಮುಗಿದಿದೆ, ಮಾತೂ ಮುಗಿದಿದೆ. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಅದೇ ವರ್ಷ ಸೆಪ್ಟೆಂಬರ್ ಚುನಾವಣೆಯಲ್ಲಿ ನಾಝಿಗಳಿಗೆ 107 ಸೀಟು ಬಂದವು. ಮೂರು ವರ್ಷದಲ್ಲಿ, ಯಹೂದಿ ಮೂಲದವರು ಅಂತ, ಇವರಿಗೆ ಪ್ರದರ್ಶನಗಳ ಬಾಗಿಲು ಮುಚ್ಚಿತು. 1937ರಲ್ಲಿ ಸ್ಟಾಕ್‌ಹೋಮ್‌ನ ಒಂದು ಪ್ರದರ್ಶನದ ನೆಪದಲ್ಲಿ ಚಿತ್ರಗಳ ಸಮೇತ ಸ್ವೀಡನ್‌ಗೆ ಹೋದವರು ಅಲ್ಲೇ ಉಳಿದರು. ತಾಯಿ ರಾವೆನ್ಸ್‌ಬ್ರ್ಯೂಕ್ ಶಿಬಿರದಲ್ಲಿ ಸತ್ತರು. ಸ್ವೀಡನ್ ಪೌರತ್ವಕ್ಕಾಗಿ ಇವರು ಕಾಗದದ ಮೇಲೆ ಒಂದು ಮದುವೆ ಮಾಡಿಕೊಂಡರು. ಆದರೆ ಚಿತ್ರದ ಕೆಳಗಿನ ಹೆಸರು ಬದಲಾಗಲಿಲ್ಲ. 1987ರಲ್ಲಿ ಲಂಡನ್‌ನ ಗ್ಯಾಲರಿಗಳು ಇವರ ಚಿತ್ರಗಳನ್ನು ಮತ್ತೆ ತೋರಿಸಿದಾಗ ಆಕೆ ಬದುಕಿದ್ದರು, ಹೆಸರೂ ಹಳೆಯದೇ ಇತ್ತು. 2010ರಲ್ಲಿ ಪೋಟ್ಸ್‌ಡಾಮ್ ಚಿತ್ರವನ್ನು ಬರ್ಲಿನ್‌ನ ರಾಷ್ಟ್ರೀಯ ಗ್ಯಾಲರಿ ಕೊಂಡಿತು.

ಹೆಸರು ಒಂದೇ ಆಗಿ ಉಳಿಯುವುದು ಎಷ್ಟು ದೊಡ್ಡ ಭಾಗ್ಯ ಅನ್ನುವುದು ನನಗೆ ಆಮೇಲೆ ತಿಳಿಯಿತು.

ಪಿಎಚ್‌ಡಿಗೆ ಇಂಥ ವಿಷಯ ಬೇಕು ಅಂದಾಗ ಒಬ್ಬ ಪ್ರೊಫೆಸರ್ ಸೌಮ್ಯವಾಗಿಯೇ ಹೇಳಿದರು: "ಚಿತ್ರಕಾರ ಲೀಬರ್‌ಮನ್ ಮೇಲೆ ಮಾಡಿ, ಸಾಮಗ್ರಿ ಬೇಕಾದಷ್ಟಿದೆ." ಸಾಮಗ್ರಿ ಇದೆ ಅನ್ನುವುದು ಸುಳ್ಳಲ್ಲ. ಗಂಡಸರ ಕಾಗದಪತ್ರ ಇಡಲು ಮನೆಯಲ್ಲಿ ಒಬ್ಬ ಹೆಂಗಸು ಇರುತ್ತಿದ್ದಳು. ಹಾನ್ನಾ ಹ್ಯೋಖ್ ಅವರನ್ನೇ ನೋಡಿ. ಬರ್ಲಿನ್‌ನಲ್ಲಿ 'ದಾದಾ' ಅನ್ನುವ ಬಂಡಾಯ ಕಲಾವಿದರ ಗುಂಪಿನಲ್ಲಿ ಕತ್ತರಿಸಿ ಅಂಟಿಸಿ ಚಿತ್ರ ಮಾಡುತ್ತಿದ್ದ ಕಲಾವಿದೆ. ನಾಝಿ ಕಾಲದಲ್ಲಿ ಊರಂಚಿನ ಪುಟ್ಟ ಮನೆಯಲ್ಲಿ ಗೆಳೆಯರೆಲ್ಲರ ಕಾಗದಪತ್ರ ಕಾಪಾಡಿದ್ದು ಆಕೆ. ಅದೇ ಗುಂಪಿನ ಹಾನ್ಸ್ ರಿಕ್ಟರ್ ಮುಂದೆ ನೆನಪು ಬರೆಯುವಾಗ ಆಕೆ ಸ್ಯಾಂಡ್‌ವಿಚ್, ಬಿಯರ್, ಕಾಫಿ ಹೇಗೋ ಹೊಂದಿಸಿ ಕೊಡುತ್ತಿದ್ದಳು ಅಂತ ಮೆಚ್ಚಿಕೊಂಡಿದ್ದಾರೆ. ಓದಿದ ದಿನ ನನಗೆ ಕಾಫಿ ಸೇರಲಿಲ್ಲ.

ಇನ್ನು ಅಡ್ಡಹೆಸರಿಗೆ ಬರುತ್ತೇನೆ. 1900ರಲ್ಲಿ ಜಾರಿಯಾದ ಜರ್ಮನ್ ಕಾನೂನಿನ ಪ್ರಕಾರ ಮದುವೆಯಾದವಳಿಗೆ ಗಂಡನ ಅಡ್ಡಹೆಸರು. ಪಶ್ಚಿಮ ಜರ್ಮನಿಯಲ್ಲಿ ಹೆಂಡತಿಯ ಹೆಸರನ್ನೂ ಮನೆತನದ ಹೆಸರಾಗಿ ಆರಿಸಿಕೊಳ್ಳಬಹುದು ಅಂತಾದದ್ದು 1976ರ ತಿದ್ದುಪಡಿಯಲ್ಲಿ. ಹಾಗಾಗಿ ಒಬ್ಬಳೇ ಕಲಾವಿದೆ ಎರಡು ಹೆಸರಲ್ಲಿ, ವಿಚ್ಛೇದನವಾಗಿ ಮತ್ತೆ ಮದುವೆಯಾದರೆ ಮೂರು ಹೆಸರಲ್ಲಿ ಸಿಗುತ್ತಾಳೆ. ಪೌಲಾ ಬೆಕರ್ ಮದುವೆಯಾಗಿ ಪೌಲಾ ಮೋಡರ್‌ಸೋನ್-ಬೆಕರ್ ಆದವರು. ಗಂಡನನ್ನು ಬಿಟ್ಟು ಪ್ಯಾರಿಸ್‌ಗೆ ಹೊರಟಾಗ, 1906ರಲ್ಲಿ, ಕವಿ ರಿಲ್ಕೆಗೆ ಬರೆದರು: ನಾನೀಗ ಮೋಡರ್‌ಸೋನ್ ಅಲ್ಲ, ಪೌಲಾ ಬೆಕರ್ ಕೂಡ ಅಲ್ಲ. ಮುಂದಿನ ವರ್ಷ ಹೆರಿಗೆಯಾಗಿ ಮೂರು ವಾರಕ್ಕೇ ತೀರಿಕೊಂಡರು, 31 ವಯಸ್ಸಿಗೆ. ಎಲ್‌ಫ್ರೀಡೆ ಲೋಸೆ-ವೆಖ್ಟ್‌ಲರ್ ಅನ್ನುವ ಚಿತ್ರಕಾರ್ತಿ ಇನ್ನೂ ಜಾಣೆ. ಮೊದಮೊದಲು ನಿಕೋಲಾಸ್ ವೆಖ್ಟ್‌ಲರ್ ಅಂತ ಗಂಡಸಿನ ಹೆಸರನ್ನೇ ಇಟ್ಟುಕೊಂಡಿದ್ದರು. ಕೊನೆಗೆ ಯಾವ ಹೆಸರೂ ಕಾಯಲಿಲ್ಲ. ಮಾನಸಿಕ ರೋಗಿ ಅಂತ 1940ರಲ್ಲಿ ಪಿರ್ನಾ-ಸೊನ್ನೆನ್‌ಸ್ಟೈನ್‌ನಲ್ಲಿ ನಾಝಿಗಳು ಕೊಂದರು.

ಅವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಲಿಲ್ಲ. ಅವಳ ಮದುವೆಯಲ್ಲಿ ತಾಟಿನಲ್ಲಿ ಅಕ್ಕಿ ಹರಡಿ ಹೊಸ ಹೆಸರು ಬರೆದಿದ್ದರು. ಅಡ್ಡಹೆಸರು ಮಾತ್ರ ಅಲ್ಲ, ಕರೆಯುವ ಹೆಸರೇ ಬದಲು. ತವರಿನ ಹೆಸರಿನಿಂದ ಕರೆಯುವವರು ಈಗ ಒಬ್ಬ ಸೋದರಮಾವ ಮಾತ್ರ. "ಹಂಗಾದ್ರ ಅಲ್ಲಿನೂ ಹಂಗ ಅನ್ನು" ಅಂದಳು, ಅಷ್ಟೇ.

ಬರ್ಲಿನ್‌ನ ಹಳೆಯ ವಿಳಾಸ ಪುಸ್ತಕಗಳು ನನ್ನ ಪಂಚಾಂಗ. ಪ್ರತಿ ವರ್ಷ ಒಂದೊಂದು ದಪ್ಪ ಪುಸ್ತಕ, ಈಗ ಇಂಟರ್‌ನೆಟ್‌ನಲ್ಲೇ ಸಿಗುತ್ತವೆ. ಆದರೆ ಅದರಲ್ಲಿ ಇರುವುದು ಮನೆಯ ಯಜಮಾನನ ಹೆಸರು. ಒಂಟಿ ಹೆಣ್ಣಾದರೆ ಹೆಸರಿನ ಮುಂದೆ 'ಮಾಲೆರಿನ್', ಚಿತ್ರಕಾರ್ತಿ, ಅಂತ ಇರುತ್ತದೆ. ವಿಧವೆಯಾದರೂ ಹೆಸರು ಇರುತ್ತದೆ. ಗಂಡನಿದ್ದರೆ ಅವನ ಸಾಲಿನೊಳಗೆ ಕರಗಿಬಿಡುತ್ತಾಳೆ. ಯಾವ ವರ್ಷದ ಪುಸ್ತಕದಲ್ಲಿ ಹೆಸರು ಮಾಯವೋ ಆ ವರ್ಷ ಮದುವೆ ಅಂತ ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಎಷ್ಟೋ ಸಲ ಅದು ಮದುವೆಯಲ್ಲ, ಸಾವು.

ಅಕಾಡೆಮಿ ಸೇರಿಸಿಕೊಳ್ಳದ ಕಾಲದಲ್ಲಿ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡರು. ಬರ್ಲಿನ್‌ನದ್ದು 1867ರದು. ಅದರ ಶಾಲೆಯಲ್ಲಿ ಕೇಟೆ ಕೋಲ್ವಿಟ್ಸ್ ಕಲಿತರು, ಪೌಲಾ ಬೆಕರ್ ಕಲಿತರು. 1905ರಲ್ಲಿ ಕೋಲ್ವಿಟ್ಸ್, ಯೂಲಿಯೆ ವೋಲ್ಫ್‌ಥೋರ್ನ್ ಸೇರಿ ಇನ್ನೂರಕ್ಕೂ ಹೆಚ್ಚು ಕಲಾವಿದೆಯರು ನಮ್ಮನ್ನೂ ಅಕಾಡೆಮಿಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟರು. ನಿರ್ದೇಶಕ ಆಂಟನ್ ಫಾನ್ ವೆರ್ನರ್ ಒಪ್ಪಲಿಲ್ಲ. 1901ರ ಒಂದು ನಗೆಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ಮೇಷ್ಟ್ರು ಹುಡುಗಿಗೆ ಹೇಳುತ್ತಾನೆ: ಚಿತ್ರ ಬರೆಯುವ ಹೆಂಗಸರಲ್ಲಿ ಎರಡು ಥರ, ಕೆಲವರಿಗೆ ಮದುವೆಯಾಗಬೇಕು, ಉಳಿದವರಿಗೂ ಪ್ರತಿಭೆ ಇಲ್ಲ. ಆ 'ಗೂ' ಇದೆಯಲ್ಲ, ಅದರಲ್ಲೇ ಎಲ್ಲ ಇದೆ.

ವೋಲ್ಫ್‌ಥೋರ್ನ್ ಹುಟ್ಟು ಹೆಸರು ವೋಲ್ಫ್. ಹುಟ್ಟೂರು ಥೋರ್ನ್ ಅನ್ನು ಅದಕ್ಕೆ ಸೇರಿಸಿ ತಮಗೆ ತಾವೇ ಹೊಸ ಅಡ್ಡಹೆಸರು ಮಾಡಿಕೊಂಡರು. ಊರ ಹೆಸರು ಹೊತ್ತುಕೊಳ್ಳುವುದು ನಮಗೇನು ಹೊಸತಲ್ಲ, ಅದಕ್ಕೇ ಇರಬೇಕು, ಇವರ ಮೇಲೆ ನನಗೆ ಜಾಸ್ತಿ ಅಕ್ಕರೆ. 1942ರಲ್ಲಿ, 78 ವಯಸ್ಸಿನಲ್ಲಿ, ಅಕ್ಕನ ಜೊತೆ ಥೆರೇಸಿಯನ್‌ಸ್ಟಾಟ್ ಅನ್ನುವ ನಾಝಿ ಶಿಬಿರಕ್ಕೆ ಸಾಗಿಸಿದರು. ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡರು.

ಈ ಕೆಲಸದಲ್ಲಿ ನನಗೆ ಇನ್ನೂ ಒಗ್ಗದ ಸಂಗತಿ ಒಂದಿದೆ. ಕಲಾವಿದೆಯರ ಬಗ್ಗೆ ಅತಿ ಅಚ್ಚುಕಟ್ಟಾದ ದಾಖಲೆ ಇಟ್ಟವರು ನಾಝಿಗಳು. ಆ ಕಾಲದಲ್ಲಿ ಚಿತ್ರ ಮಾರಬೇಕಾದರೆ ಸರ್ಕಾರದ ಕಲಾ ಮಂಡಳಿಯ ಸದಸ್ಯತ್ವ ಬೇಕಿತ್ತು. ಅದಕ್ಕೆ ವಂಶದ ಪುರಾವೆ ಬೇಕು. ತವರಿನ ಹೆಸರು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಅವರ ಧರ್ಮ. ಬರ್ಲಿನ್ ಶಾಖೆಯ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ. ಅಂಥ ಒಂದು ಕಡತ ಬಿಚ್ಚಿದರೆ ಆರು ತಿಂಗಳಿಂದ ಹುಡುಕುತ್ತಿದ್ದ ಹೆಸರು ಟೈಪ್ ಮಾಡಿದ ಅಕ್ಷರದಲ್ಲಿ ಕಣ್ಣೆದುರು ಬರುತ್ತದೆ. ಮೊದಲು ಖುಷಿಯಾಗುತ್ತದೆ. ಆಮೇಲೆ ಆ ಕಾಗದ ಯಾಕೆ ಟೈಪಾಯಿತು ಅನ್ನುವುದು ನೆನಪಾಗುತ್ತದೆ. ಒಮ್ಮೆ ಖುಷಿಗೆ ಸಣ್ಣಗೆ ಚಪ್ಪಾಳೆ ತಟ್ಟಿಬಿಟ್ಟಿದ್ದೆ. ಪಕ್ಕದ ಮೇಜಿನ ಮುದುಕರು ತಿರುಗಿ ನೋಡಿದರು. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಸಂಬಳದ ಕಥೆ ಉದ್ದ ಬೇಡ. ಒಂದು ವರ್ಷದ ಕರಾರು, ಎಂಟು ತಿಂಗಳ ಕರಾರು, ನಡುವೆ ಅನುವಾದ, ಟ್ಯೂಷನ್. 2019ರಲ್ಲಿ ಬರ್ಲಿನ್‌ನ ಹಳೆಯ ರಾಷ್ಟ್ರೀಯ ಗ್ಯಾಲರಿ ತನ್ನದೇ ಸಂಗ್ರಹದಿಂದ 43 ಕಲಾವಿದೆಯರ ಕೃತಿಗಳನ್ನು ಹೊರತೆಗೆದು ಪ್ರದರ್ಶನ ಮಾಡಿತು. ಎಲ್ಲ 1919ಕ್ಕಿಂತ ಹಿಂದಿನವರು. ನಾನು ನಾಲ್ಕು ಸಲ ಹೋದೆ, ಟಿಕೆಟ್ ಕೊಂಡು.

ಅವ್ವ ಕೇಳುವ "ಆಕಿ" ಸಿಕ್ಕಿದ್ದು ಸಂತೆಯಲ್ಲಿ. ಯಾರೋ ಸತ್ತವರ ಮನೆ ಖಾಲಿ ಮಾಡಿ ತಂದ ಸಾಮಾನಿನ ರಾಶಿ. ಅದರಲ್ಲಿ ಒಂದು ಚಿಕ್ಕ ಚಿತ್ರ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಹೆಂಗಸು. ನಲವತ್ತು ಯೂರೋ ಕೊಟ್ಟೆ. ಮೂಲೆಯಲ್ಲಿ ಎರಡೇ ಅಕ್ಷರ. ಹಿಂದೆ ಅರ್ಧ ಹರಿದ ಪ್ರದರ್ಶನದ ಚೀಟಿ, ಅದರ ಮೇಲೆ ಒಂದು ನಂಬರ್. ಪ್ರತಿ ವರ್ಷದ ಪ್ರದರ್ಶನ ಪಟ್ಟಿ ತೆಗೆದು ಅದೇ ನಂಬರ್ ನೋಡುತ್ತ ಹೋದೆ. ನಾಲ್ಕು ತಿಂಗಳಾದ ಮೇಲೆ ಅಕ್ಷರಕ್ಕೆ ಅಕ್ಷರ ಕೂಡಿತು. ಕುಮಾರಿ ಇಂಥವಳು, ಇಂಥ ಬೀದಿ. ಅಪ್ಪ ಶಾಲಾ ಮೇಷ್ಟ್ರು. ಚರ್ಚಿನ ಪುಸ್ತಕದಲ್ಲಿ ಜನ್ಮದಿನ ಕೂಡ ಸಿಕ್ಕಿತು. ಹೆಸರು ಇಲ್ಲಿ ಬರೆಯುವುದಿಲ್ಲ, ಆ ಮನೆತನದವರು ಎಲ್ಲಾದರೂ ಇದ್ದಾರು. 1913ರ ವಿಳಾಸ ಪುಸ್ತಕದಲ್ಲಿದ್ದಾಳೆ, 1914ರದರಲ್ಲಿ ಇಲ್ಲ. ಮದುವೆ ನೋಂದಣಿ ಹುಡುಕಬೇಕೆಂದರೆ ಯಾವ ಊರು ಅಂತ ಗೊತ್ತಿರಬೇಕು. ಗೊತ್ತಿಲ್ಲ. ಬೇರೆ ಹೆಸರಲ್ಲಿ ಆಕೆ ಇನ್ನೂ ನಲವತ್ತು ವರ್ಷ ಚಿತ್ರ ಬರೆದಿರಬಹುದು, ಬರೆಯದೆಯೂ ಇರಬಹುದು.

ಮೊನ್ನೆ ಭಾನುವಾರ ಅವ್ವ ಮತ್ತೆ ಕೇಳಿದಳು.

"ಅರ್ಧ ಸಿಕ್ಕಾಳವ್ವ. ತವರುಮನಿ ಸಿಕ್ಕೈತಿ, ಗಂಡನ ಮನಿ ಸಿಕ್ಕಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಕುಕ್ಕರ್ ಸೀಟಿ ಮಾತ್ರ ಕೇಳಿಸಿತು.

"ಆಕಿಗೆ ತಂಗಿ ಗಿಂಗಿ ಇದ್ದಳೇನು? ತಂಗಿ ಲಗ್ನಕ್ಕ ಅಕ್ಕ ಬಂದ ಇರತಾಳ. ಅಲ್ಲೆ ಆಕಿ ಹೆಸರು ಏನಂತ ಬರಸ್ಯಾರ ನೋಡು."

ತಂಗಿ ಇದ್ದಳು. ನಾನು ಅವಳ ಕಡತ ಕೇಳಿಯೇ ಇರಲಿಲ್ಲ. ಮಂಗಳವಾರ ಅರ್ಜಿ ಹಾಕಿದ್ದೇನೆ.